ವಾದ್ಯದೋರು 'ಮತ್ತಿತರರು' ಅಲ್ಲ ಸಾರ್

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಹದಿನಾರು ವರ್ಷದಿಂದ ಆರ್ಕೆಸ್ಟ್ರಾದಲ್ಲಿ ರಿದಮ್ ಪ್ಯಾಡ್ (ಎಲೆಕ್ಟ್ರಾನಿಕ್ ಡ್ರಮ್ಸ್) ಬಾರಿಸ್ತಿದೀನಿ, ಶಿವಮೊಗ್ಗ ಸುತ್ತಮುತ್ತ ಗಣಪತಿ, ರಾಜ್ಯೋತ್ಸವ, ಜಾತ್ರೆ ಅಂತ ಹತ್ತದ ಸ್ಟೇಜಿಲ್ಲ. ಪೇಪರಿಗೆ ಪತ್ರ ಬರೀತಿರೋದು ಇದೇ ಮೊದಲು. ನಿಮ್ಮ ವರದೀಲಿ ವಾದ್ಯದೋರ ಹೆಸ್ರು ಬರ್ದೇ ಇರೋದರ ಬಗ್ಗೆ ಈ ಪತ್ರ, ಬರೆಸಿದ್ದು ಒಂದು ಜಪಾನೀ ಆಲ್ಬಂ, ನಗ್ಬೇಡಿ.

ಈ ಸಲ ಗಣಪತಿ ಸೀಸನ್ನಲ್ಲಿ ತೀರ್ಥಹಳ್ಳಿ ಕಡೆ ಪ್ರೋಗ್ರಾಂ ಮುಗಿಸ್ಕೊಂಡು ರಾತ್ರಿ ಎರಡೂವರೆಗೆ ಟೆಂಪೋದಲ್ಲಿ ವಾಪಸ್ ಬರ್ತಿದ್ವಿ, ಸ್ಪೀಕರ್ ಬಾಕ್ಸ್‌ಗಳ ಸಂದೀಲಿ ಕಾಲು ಮಡಚ್ಕೊಂಡು ತೂಕಡಿಸ್ತಿದ್ದೆ, ನಮ್ಮ ಕೀಬೋರ್ಡ್ ಹುಡುಗ ಇಯರ್‌ಫೋನಿನ ಒಂದು ಕಡೆ ನನ್ನ ಕಿವಿಗೆ ತುರುಕಿ 'ಅಣ್ಣಾ, ಡ್ರಮ್ಸ್ ಕೇಳು' ಅಂದ. ಕ್ಯಾಸಿಯೋಪಿಯಾ ಅಂತ ಬ್ಯಾಂಡು, ಆಲ್ಬಂ ಹೆಸ್ರು ಮಿಂಟ್ ಜ್ಯಾಮ್ಸ್, 1982ರದ್ದು. ಎರಡನೇ ಟ್ರ್ಯಾಕ್ 'ಅಸಯಾಕೆ', ಜಪಾನೀಲಿ ಮುಂಜಾನೆ ಆಕಾಶ ಕೆಂಪಾಗೋದಕ್ಕೆ ಹಂಗಂತಾರಂತೆ, ನಂಗೆ ಮಾತ್ರ ಯಾರೋ 'ಯಾಕೆ' ಅಂತ ಕೇಳ್ದಂಗೆ ಕೇಳಿಸ್ತು. ಗಿಟಾರ್ ಶುರುವಾಗೋದೇ ತಕಧಿಮಿ ತಕಧಿಮಿ ಅಂತ ಉಸಿರು ಬಿಡದಂಗೆ, ಅದರ ಹಿಂದೆ ಬೇಸ್ ಗಿಟಾರಿನೋನು ಹೆಬ್ಬೆರಳಲ್ಲಿ ತಂತಿಗೆ ಹೊಡೀತಾನೆ, ನಾಲ್ಕೂ ಜನ ಒಟ್ಟಿಗೆ ಗಕ್ಕನೆ ನಿಲ್ಸಿ ಒಟ್ಟಿಗೆ ಎದ್ದೇಳ್ತಾರೆ, ಒಂದು ಕೂದ್ಲು ಎಳೆಯಷ್ಟೂ ಹಿಂದೆ ಮುಂದೆ ಇಲ್ಲ. ರಾಕ್ ಅಂದ್ರೆ ರಾಕ್, ಜಾಝ್ ಅಂದ್ರೆ ಜಾಝ್. ಹಾಡೋರು ಯಾರೂ ಇಲ್ಲ. ಶಿವಮೊಗ್ಗ ಬರೋಷ್ಟ್ರಲ್ಲಿ ಏಳೂ ಟ್ರ್ಯಾಕ್ ಮುಗಿದಿತ್ತು, ನಿದ್ದೆ ಎಲ್ಲಿ ಬರುತ್ತೆ.

ಸ್ಟುಡಿಯೋದಲ್ಲಿ ಸಾವಿರ ಟೇಕ್ ತಗೊಂಡಿರ್ತಾರೆ ಬಿಡು ಅಂದೆ. ಅಲ್ವಂತೆ! ಟೋಕಿಯೋದ ತ್ಸುಕಿಜಿ ಅನ್ನೋ ಏರಿಯಾದ ಒಂದು ಹಾಲಲ್ಲಿ ಜನರ ಎದುರು ನುಡಿಸಿದ್ದು, ಆಮೇಲೆ ಚಪ್ಪಾಳೆ ಸದ್ದನ್ನ ಬಹುತೇಕ ತೆಗೆದುಹಾಕಿದಾರೆ. ನಾವು ಚಪ್ಪಾಳೆ ಬೀಳ್ಲಿ ಅಂತ ಆಂಕರ್ ಕೈಲಿ 'ಎಲ್ಲಿ ಜೋರಾಗಿ' ಅಂತ ಕೂಗಿಸ್ತೀವಿ, ಇವ್ರು ಸಿಕ್ಕಿದ ಚಪ್ಪಾಳೇನೇ ಕತ್ತರಿಸಿದಾರೆ. ಡ್ರಮ್ಸ್ ನುಡಿಸಿರೋ ಅಕಿರಾ ಜಿಂಬೋಗೆ ಆಗ 22-23 ವರ್ಷ. ಇದೇ ಮನುಷ್ಯ ಮುಂದೆ ಡ್ರಮ್ ಸೆಟ್ಟಿಗೆ ಎಲೆಕ್ಟ್ರಾನಿಕ್ ಪ್ಯಾಡ್ ಜೋಡಿಸ್ಕೊಂಡು ಟ್ಯೂನೂ ರಿದಮ್ಮೂ ಎರಡನ್ನೂ ಒಬ್ನೇ ನುಡಿಸೋದಕ್ಕೆ ಹೆಸರಾದ. ಅದನ್ನ ನೋಡಿ ಒಂದು ವಾರ ನನ್ನ ಪ್ಯಾಡ್ ಮುಟ್ಟೋಕೆ ನಾಚಿಕೆ ಆಯ್ತು, ಈಗ ಪರ್ವಾಗಿಲ್ಲ. ಕೀಬೋರ್ಡಿನ ಮಿನೋರು ಮುಕೈಯಾ ರೈಲು ಹುಚ್ಚ, ಟ್ರೈನ್ ಓಡಿಸೋ ಗೇಮ್ ಮಾಡಿದ, ಜಪಾನಿನ ನೂರಕ್ಕೂ ಹೆಚ್ಚು ಸ್ಟೇಷನ್ನುಗಳಲ್ಲಿ ರೈಲು ಹೊರಡುವಾಗ ಕೇಳಿಸೋ ಸಣ್ಣ ಸಣ್ಣ ಟ್ಯೂನ್ ಅವನದ್ದೇ ಅಂತೆ.

ಈಗ ವಿಷಯಕ್ಕೆ ಬರ್ತೀನಿ. ಮಿಂಟ್ ಜ್ಯಾಮ್ಸ್ ಅಂದ್ರೆ ಏನೋ ಪುದೀನ ತಿಂಡಿ ಅಂದ್ಕೊಂಡಿದ್ದೆ. ಅದು ವಾದಕರ ಹೆಸರಿನ ಮೊದಲ ಅಕ್ಷರಗಳು ಸಾರ್. ಎಂ ಅಂದ್ರೆ ಮುಕೈಯಾ, ಐ ಇಸ್ಸೆ, ಎನ್ ನೊರೊ (ಗಿಟಾರಿನೋನು), ಟಿ ತೆತ್ಸುವೋ (ಬೇಸ್ ಗಿಟಾರಿನೋನು), ಜೆ ಜಿಂಬೋ, ಎ ಅಕಿರಾ, ಇನ್ನೊಂದು ಎಂ ಮಿನೋರು, ಎಸ್ ಸಕುರಾಯಿ. ನಾಲ್ಕು ಜನ, ಒಬ್ಬೊಬ್ಬರ ಹೆಸರಿಂದ ಎರಡೆರಡು, ಒಟ್ಟು ಎಂಟು ಅಕ್ಷರ, ಒಬ್ಬನ್ನೂ ಬಿಟ್ಟಿಲ್ಲ, ಆಲ್ಬಂ ಹೆಸ್ರು ಹೇಳಿದ್ರೆ ಬಾರಿಸಿದೋರೆಲ್ಲಾ ಬಂದ್ರು.

ನಿಮ್ಮ ಪತ್ರಿಕೇಲಿ ನಮ್ಮ ಕಾರ್ಯಕ್ರಮದ ವರದಿ ಎಷ್ಟೋ ಸಲ ಬಂದಿದೆ, ಕಟ್ಟಿಂಗ್ ಎತ್ತಿಟ್ಟಿದೀನಿ. ಉದ್ಘಾಟಕರ ಹೆಸ್ರು, ಅಧ್ಯಕ್ಷರ ಹೆಸ್ರು, ವಂದನಾರ್ಪಣೆ ಮಾಡಿದೋರ ಹೆಸ್ರು, ಗಾಯಕ ಗಾಯಕಿಯರ ಹೆಸ್ರು, ಕೊನೇಲಿ 'ಮತ್ತಿತರರು ಇದ್ದರು'. ನಾಲ್ಕು ಗಂಟೆ ಬಿಡದೆ ಬಾರಿಸಿದ ನಾವು ಆ ಮತ್ತಿತರರು. ಜನಕ್ಕೆ ಸಾಹಿತ್ಯ ಬೇಕು, ಬರೀ ವಾದ್ಯ ಯಾರು ಕೇಳ್ತಾರೆ ಅಂತ ಆಯೋಜಕರೂ ಅಂತಾರೆ, ಮುಖ್ಯ ಅತಿಥಿ ಲೇಟಾದಾಗ ಮಾತ್ರ ನಮ್ಮ ಇನ್‌ಸ್ಟ್ರುಮೆಂಟಲ್ ನೆನಪಾಗುತ್ತೆ. ಕದ್ರಿ ಗೋಪಾಲನಾಥ್ ಸ್ಯಾಕ್ಸೋಫೋನ್ ಹಿಡ್ದು ಕೂತಾಗ ಸಾಹಿತ್ಯ ಎಲ್ಲಿ ಅಂತ ಯಾರು ಕೇಳಿದ್ರು? ಹೋಗ್ಲಿ, ಅವ್ರು ದೊಡ್ಡೋರು, ನಮ್ಮನ್ನ ಅಲ್ಲಿಗೆ ಹೋಲಿಸ್ಬಾರ್ದು.

ಪುರವಣೀಲಿ ವಾರಕ್ಕೊಂದು ವಾದ್ಯದ ಆಲ್ಬಂ ಬಗ್ಗೆ ನಾಲ್ಕು ಸಾಲು ಹಾಕಿದ್ರೆ ಖುಷಿ, ಹಾಕ್ದೇ ಇದ್ರೂ ಬೇಜಾರಿಲ್ಲ. ಆದ್ರೆ ನವೆಂಬರಲ್ಲಿ ರಾಜ್ಯೋತ್ಸವದ ಪ್ರೋಗ್ರಾಮಿಗೆ ನಿಮ್ಮ ವರದಿಗಾರ್ರು ಬಂದಾಗ ದಯವಿಟ್ಟು ಸ್ಟೇಜ್ ಹಿಂದುಗಡೆ ಒಂದ್ ನಿಮಿಷ ಬರ್ಲಿ. ಹೆಸರುಗಳನ್ನ ಚೀಟೀಲಿ ಬರೆದು ಪ್ಯಾಡಿನ ಸ್ಟ್ಯಾಂಡಿಗೆ ಅಂಟಿಸಿರ್ತೀನಿ, ಇರೋದು ಐದೇ ಜನ.

ಇಂತಿ,
ಮತ್ತಿತರರಲ್ಲಿ ಒಬ್ಬ, ಶಿವಮೊಗ್ಗ