ಮಗಳಿಗೊಂದು ಪತ್ರ: ಮಲ್ಲಳ್ಳಿಯ ಮಳೆಯಲ್ಲಿ ನಿಮ್ಮಪ್ಪ

ಪ್ರೀತಿಯ ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ನಿನ್ನೆ ಮಾತಿನ ನಡುವೆಯೇ ಫೋನ್ ಕಡಿದುಹೋಯಿತು. "ನಾನೇ ನಿಮ್ಮನ್ನು ಕೊಡಗಿನ ಈ ಮಳೆಗೆ ಕಳಿಸಿ ಕಷ್ಟಕ್ಕೆ ದೂಡಿದೆ, ನಾಳೆಯೇ ಊರಿಗೆ ಹೊರಡಿ" ಎಂದು ನೀನು ಅಳುತ್ತಿದ್ದದ್ದು ಮಾತ್ರ ಕೇಳಿಸಿತು. ಇಲ್ಲಿ ಕರೆಂಟಿಲ್ಲ, ಸಿಗ್ನಲ್ ಬಂದರೆ ಬಂತು. ಫೋನಿನಲ್ಲಾದರೆ ನೀನು ನನಗೆ ಪೂರ್ತಿ ಹೇಳಲು ಬಿಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾವು ಈಗಲೇ ಹೊರಡುವುದಿಲ್ಲ, ಪುಟ್ಟಿ. ನಿಮ್ಮಪ್ಪ ಇಷ್ಟು ಗೆಲುವಾಗಿರುವುದನ್ನು ನೋಡಿ ನನಗೆ ಬಹಳ ಕಾಲವಾಗಿತ್ತು.

ತೊಂದರೆಯೇ ಆಗಲಿಲ್ಲ ಎಂದು ಹೇಳುವುದಿಲ್ಲ. ಮಡಿಕೇರಿಯಲ್ಲಿ ರಾಜಾಸೀಟಿಗೆ ಹೋದಾಗ ಎದುರಿನ ಕಂಬಿಯ ಆಚೆ ಬರೀ ಬಿಳಿ ಮಂಜು. ಅಲ್ಲಿಂದ ಮಾದಾಪುರದ ಮೇಲೆ ಸೋಮವಾರಪೇಟೆಗೆ ಹೊರಟ ಬಸ್ಸು ಹಟ್ಟಿಹೊಳೆ ದಾಟಿದ್ದೇ ನಿಂತುಬಿಟ್ಟಿತು. ರಸ್ತೆಗೆ ಅಡ್ಡಲಾಗಿ ದೊಡ್ಡ ಮರ, ಅದರ ಜೊತೆಗೆ ಕರೆಂಟಿನ ತಂತಿ. ಊರಿನ ಹುಡುಗರು ಗರಗಸ, ಕೊಡಲಿ ಹಿಡಿದು ಬಂದು ದಾರಿ ಬಿಡಿಸುವಷ್ಟರಲ್ಲಿ ಕತ್ತಲಾಯಿತು. ಬಸ್ಸಿನ ಡಿಕ್ಕಿಗೆ ನೀರು ನುಗ್ಗಿ ನಮ್ಮ ಚೀಲವೆಲ್ಲ ತೊಯ್ದಿತ್ತು. ನಿಮ್ಮಪ್ಪನ ಬಿಪಿ ಮಾತ್ರೆ, ನನ್ನ ಸ್ವೆಟರ್, ಮನೆಯಿಂದ ಕಟ್ಟಿಕೊಂಡು ಬಂದ ಚಕ್ಕುಲಿ ಯಾವುದೂ ಉಳಿಯಲಿಲ್ಲ. ನೀನು ಮುಂಗಡ ಕಟ್ಟಿದ್ದ ಕೋಣೆಯಲ್ಲಿ ಬೇರೆಯವರು ಇಳಿದಿದ್ದರು. "ನೀವು ಬರುವುದಿಲ್ಲವೆಂದುಕೊಂಡೆವು" ಎಂದಷ್ಟೇ ಹೇಳಿ ಅವರು ಬಾಗಿಲು ಹಾಕಿಕೊಂಡರು. ಆ ಮಾತು ನನಗೆ ಈಗಲೂ ನೋಯುತ್ತಿದೆ.

ಆಗ ನಿಮ್ಮಪ್ಪ ಏನು ಮಾಡಿದರು ಗೊತ್ತೇ? ಯಾರ ಹತ್ತಿರವೂ ಒಂದು ಲೋಟ ನೀರು ಕೇಳದ ಮನುಷ್ಯ ಸೀದಾ ಜೀಪ್ ನಿಲ್ದಾಣಕ್ಕೆ ಹೋಗಿ, "ಅಪ್ಪಾ, ಈ ರಾತ್ರಿ ನಮಗೊಂದು ದಾರಿ ತೋರಿಸು" ಎಂದರು. ಆ ಹುಡುಗ ತನಗೆ ಗೊತ್ತಿದ್ದ ಒಂದು ಕಾಫಿ ತೋಟದ ಮನೆಗೆ ನಮ್ಮನ್ನು ಕರೆತಂದ. ಮನೆಯವರು ಬಾಗಿಲು ತೆರೆದ ಕೂಡಲೇ ಮೊದಲು ನೋಡಿದ್ದು ನಮ್ಮ ಕಾಲನ್ನು. ಬೆರಳ ಸಂದಿಯಲ್ಲಿ, ಹಿಮ್ಮಡಿಯ ಮೇಲೆ ಜಿಗಣೆಗಳು ಉಬ್ಬಿ ಕುಳಿತಿದ್ದವು. ಆ ತಾಯಿ ಕೋಲಿನ ತುದಿಗೆ ಕಟ್ಟಿದ ಉಪ್ಪಿನ ಗಂಟನ್ನು ನೀರಿಗೆ ಅದ್ದಿ ಒಂದೊಂದಕ್ಕೂ ಮುಟ್ಟಿಸಿದರು. ಮುಟ್ಟಿಸಿದೊಡನೆ ಅದು ಸುರುಟಿಕೊಂಡು ಕೆಳಗೆ ಬೀಳುತ್ತಿತ್ತು. ಜಿಗಣೆಯ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಣವಿದೆಯಂತೆ. ಒರೆಸಿದಷ್ಟೂ ನೆತ್ತರು ಜಿನುಗುತ್ತಲೇ ಇತ್ತು. ನೋವು ಮಾತ್ರ ಒಂದಿಷ್ಟೂ ಇಲ್ಲ. ಆಮೇಲೆ ಬಿಸಿ ಅಕ್ಕಿರೊಟ್ಟಿ, ಕಣಿಲೆ ಪಲ್ಯ ಬಡಿಸಿದರು. ಎಳೆ ಬಿದಿರಿನ ಕಣಿಲೆಯನ್ನು ಹೆಚ್ಚಿ, ನೀರಿನಲ್ಲಿ ನೆನೆಹಾಕಿ, ನೀರು ಬದಲಿಸಿ ಕಹಿ ತೆಗೆದ ಮೇಲೇ ಬೇಯಿಸಬೇಕಂತೆ. ನಾನು ಕೇಳಿ ಬರೆದಿಟ್ಟುಕೊಂಡಿದ್ದೇನೆ.

ಈಗ ಮಲ್ಲಳ್ಳಿಯ ವಿಷಯ. ನೀನು ಫೋಟೊ ತೋರಿಸಿ ಆಸೆ ಹುಟ್ಟಿಸಿದ್ದೆಯಲ್ಲ, ಆ ಜಲಪಾತ. ಮೆಟ್ಟಿಲು ಇಳಿಯುವಾಗ ಗಾಳಿಗೆ ನನ್ನ ಕೊಡೆ ಹಿಂದುಮುಂದಾಗಿ ಕಡ್ಡಿ ಮುರಿಯಿತು, ಅಪ್ಪನ ಚಪ್ಪಲಿಯ ಉಂಗುಷ್ಟ ಕಿತ್ತಿತು. ಕಟಕಟೆಯ ಬಳಿ ಹೋಗಿ ನಿಂತರೆ ಅಲ್ಲಿಯೂ ಮಂಜು. ನೀರಿನ ಅಬ್ಬರ ಎದೆಗೆ ಬಡಿಯುತ್ತಿದೆ, ಕಣ್ಣಿಗೆ ಏನೂ ಇಲ್ಲ. ಜೊತೆಗೆ ಬಂದಿದ್ದವರೆಲ್ಲ ಬೇಸತ್ತು ಮೇಲೆ ಹತ್ತಿದರು. ನಿಮ್ಮಪ್ಪ ಕದಲಲಿಲ್ಲ. ಅವರು ಅಲ್ಲಿದ್ದ ಕಾವಲುಗಾರನನ್ನು ಕೇಳಿದ ಮೊದಲ ಮಾತು, "ಈ ನೀರು ನಮ್ಮ ಕನ್ನಂಬಾಡಿಗೆ ಬರುತ್ತದಾ?"

ಅವರ ಜೀವವೇ ಆ ಪ್ರಶ್ನೆಯಲ್ಲಿತ್ತು ಪುಟ್ಟಿ. ನಿನಗೆ ಬುದ್ಧಿ ಬಂದಾಗಿನಿಂದ ನೋಡಿದ್ದೀಯಲ್ಲ, ಬೆಳಗ್ಗೆ ಪೇಪರ್ ಬಂದರೆ ಮೊದಲು ಕನ್ನಂಬಾಡಿ (ಕೆ.ಆರ್.ಎಸ್.) ಕಟ್ಟೆಯ ಮಟ್ಟ, ಒಳಹರಿವು, ಹೊರಹರಿವು. ಕಟ್ಟೆ ತುಂಬುವ ಮಟ್ಟ 124.80 ಅಡಿ ಎಂಬುದು ನಮ್ಮ ಮನೆಯಲ್ಲಿ ಎಲ್ಲರ ಹುಟ್ಟಿದ ದಿನದಷ್ಟೇ ಬಾಯಿಪಾಠ. 2023ರಲ್ಲಿ ಕಟ್ಟೆ ತುಂಬದೆ, ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಲ್ಲಿ ಸರದಿಯಂತೆ ಬಿಡುವ ಕಟ್ಟು ನೀರನ್ನು ನಂಬಿ ಕಾದು ಕುಳಿತದ್ದು ನಿನಗೂ ನೆನಪಿದೆ. "ಕೊಡಗಿನಲ್ಲಿ ಮಳೆ ಹಿಡಿಯಿತೇ" ಎಂದು ಜನ್ಮವಿಡೀ ಕೇಳುತ್ತ ಬಂದ ಮನುಷ್ಯ ಈ ಮಳೆಯ ಕೆಳಗೆ ನಿಂತದ್ದು ಇದೇ ಮೊದಲು. ನೀನು ಕಳಿಸದಿದ್ದರೆ ಅವರು ತಾವಾಗಿ ಎಂದೂ ಬರುತ್ತಿರಲಿಲ್ಲ.

ಕಾವಲುಗಾರ ಇಲ್ಲವೆಂದ. ಇದು ಕುಮಾರಧಾರೆ. ಇಲ್ಲಿ ಧುಮುಕಿ ಕುಕ್ಕೆ ಸುಬ್ರಹ್ಮಣ್ಯದ ಕಡೆಗೆ ಹರಿದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ, ಮಂಗಳೂರಿನಲ್ಲಿ ಸಮುದ್ರ ಸೇರುತ್ತದೆ. ಅಪ್ಪನ ಮುಖ ಬಾಡಿತು. ಅದನ್ನು ಕಂಡ ಆತ, ಪುಷ್ಪಗಿರಿಯ ಇದೇ ಬೆಟ್ಟಸಾಲಿನಲ್ಲಿ ಹಾರಂಗಿಯೂ ಹುಟ್ಟುತ್ತದೆ, ಅದು ಪೂರ್ವಕ್ಕೆ ಹರಿದು ಕೂಡಿಗೆಯ ಬಳಿ ಕಾವೇರಿಗೆ ಸೇರುತ್ತದೆ ಎಂದು ಕೈ ತೋರಿಸಿ ಹೇಳಿದ. "ಅಂದರೆ ಬೆಟ್ಟದ ನೆತ್ತಿಯ ಮೇಲೆ ಬಿದ್ದ ಹನಿ ಇತ್ತ ಜಾರಿದರೆ ಮಂಗಳೂರು, ಅತ್ತ ಜಾರಿದರೆ ಮಂಡ್ಯ!" ಎಂದು ಅಪ್ಪ ನನ್ನ ಕೈ ಹಿಡಿದುಕೊಂಡರು. ಅಷ್ಟರಲ್ಲಿ ಗಾಳಿ ಬೀಸಿ ಮಂಜು ಹರಿಯಿತು. ಹಸಿರು ಬೆಟ್ಟದ ನಡುವಿನಿಂದ ಹಂತ ಹಂತವಾಗಿ ಇಳಿಯುತ್ತಿದ್ದ ಆ ನೀರು ಕೆಂಪೂ ಅಲ್ಲ, ಬಿಳಿಯೂ ಅಲ್ಲ, ಹಾಲು ಬೆರೆತ ಮಣ್ಣಿನ ಬಣ್ಣ. ತುಂತುರು ನಮ್ಮ ಕನ್ನಡಕಕ್ಕೆ ಬಂದು ಹೊಡೆಯುತ್ತಿತ್ತು. ಮತ್ತೆ ಮಂಜು ಮುಚ್ಚಿತು. ನಮಗೆ ಅಷ್ಟು ಸಾಕಾಯಿತು.

ರಾತ್ರಿ ಊಟದ ಹೊತ್ತಿಗೆ ಅಪ್ಪ, "ಹೀಗೇ ಹೊಡೆದರೆ ವಾರದಲ್ಲಿ ಕಟ್ಟೆ ತುಂಬುತ್ತದೆ" ಎಂದರು. ಮನೆಯ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಮಾತಾಡಿದರು. ಪುಷ್ಯ ಮಳೆ ಹೀಗೆ ಬಿಡುವಿಲ್ಲದೆ ಸುರಿದರೆ ಕಾಫಿಗೆ ಕೊಳೆರೋಗ, ಎಳೆಕಾಯಿ ಉದುರುತ್ತದೆ, ಮೆಣಸಿನ ಬಳ್ಳಿಯೂ ಸೊರಗುತ್ತದೆ. 2018ರ ಆಗಸ್ಟ್‌ನಲ್ಲಿ ನಾವು ಬಂದ ದಾರಿಯ ಮಕ್ಕಂದೂರು, ಹಟ್ಟಿಹೊಳೆಯ ಕಡೆ ಬೆಟ್ಟಗಳೇ ಜಾರಿ ಮನೆ, ತೋಟ ಕೊಚ್ಚಿಹೋದವಲ್ಲ, ಆಗ ಇವರ ಮನೆಯ ಹಿಂದಿನ ಬರೆಯೂ, ಅಂದರೆ ಕಡಿದಾದ ಮಣ್ಣಿನ ಏರಿಯೂ, ಕುಸಿದಿತ್ತಂತೆ. ಇಂದಿಗೂ ಜೋರು ಮಳೆಯ ರಾತ್ರಿ ಅವರು ಹಿಂದಿನ ಕೋಣೆಯಲ್ಲಿ ಮಲಗುವುದಿಲ್ಲ. ಕಟ್ಟೆ ತುಂಬಿದಾಗ ನಮ್ಮ ಕಡೆ ಬಾಗಿನ ಅರ್ಪಿಸುವ ಸಂಭ್ರಮ. ಆ ನೀರು ಬಂದ ಊರಿನಲ್ಲಿ ಒಂದು ಮನೆಯವರು ಚಾಪೆ ಎತ್ತಿಕೊಂಡು ಮುಂದಿನ ಜಗಲಿಗೆ ಬಂದಿರುತ್ತಾರೆ ಎಂಬುದು ನನಗೆ ಈವರೆಗೆ ಹೊಳೆದೇ ಇರಲಿಲ್ಲ. ಅಪ್ಪ ಬೆಳಗ್ಗೆ ಎದ್ದವರೇ ಆ ಮನೆಯ ಯಜಮಾನರ ಜೊತೆ ಹಾರೆ ಹಿಡಿದು, ಬರೆಯ ಮೇಲಿನ ನೀರು ಪಕ್ಕಕ್ಕೆ ಹರಿದುಹೋಗಲು ಚರಂಡಿ ಬಿಡಿಸಿಕೊಟ್ಟರು. ನೀರು ತಿರುಗಿಸುವ ಕೆಲಸ ಅವರಿಗೆ ಹೇಳಿಕೊಡಬೇಕೇ! ಇಬ್ಬರೂ ಮಣ್ಣಾಗಿ ಒಳಗೆ ಬಂದು ಒಟ್ಟಿಗೆ ಕಾಫಿ ಕುಡಿದರು. ಇವತ್ತು ಉಳಿದದ್ದನ್ನು ಮುಗಿಸಿಕೊಡುವುದಾಗಿ ಮಾತು ಕೊಟ್ಟಿದ್ದಾರೆ. ನಾವು ಹೊರಡದಿರುವುದಕ್ಕೆ ಅದೂ ಒಂದು ಕಾರಣ.

ಮಾತ್ರೆ ಸೋಮವಾರಪೇಟೆಯಲ್ಲಿ ಸಿಕ್ಕಿದೆ, ಆ ಚಿಂತೆ ಬಿಡು. ಊರಿನಲ್ಲಿ ಭತ್ತದ ಸಸಿಯ ಒಟ್ಲು ನೋಡಿಕೊಳ್ಳಲು ನಿನ್ನ ಚಿಕ್ಕಪ್ಪನಿಗೆ ಹೇಳಿದ್ದೇವೆ. ದಾರಿ ಸರಿಯಾದ ಮೇಲೆ ಕೂಡಿಗೆಯಲ್ಲಿ ಇಳಿದು ಹಾರಂಗಿ ಕಾವೇರಿಗೆ ಸೇರುವ ಜಾಗ ನೋಡಬೇಕೆಂದು ಅಪ್ಪನ ಹಟ. ಅದಾದ ಮೇಲೆ ಕುಶಾಲನಗರದಲ್ಲಿ ಮೈಸೂರಿನ ಬಸ್ಸು ಹತ್ತುತ್ತೇವೆ. ನೀನು ಕಟ್ಟಿದ್ದ ಮುಂಗಡವನ್ನು ಮಾತ್ರ ವಾಪಸ್ ಕೇಳು, ಬಿಡಬೇಡ. ನೀನೂ ಅಳಿಯಂದಿರೂ ಬರಬೇಕೆಂದು ಈ ಮನೆಯವರು ಹೇಳಿದ್ದಾರೆ. ಬರುವುದಾದರೆ ಮಳೆ ಇಳಿದ ಮೇಲೆ ಬನ್ನಿ, ಮಲ್ಲಳ್ಳಿಯಲ್ಲಿ ಕಟಕಟೆ ದಾಟಿ ಬಂಡೆಗಳ ಮೇಲೆ ಇಳಿಯಬೇಡಿ. ಆ ಅಬ್ಬರವನ್ನು ನಾನು ಕೇಳಿದ್ದೇನೆ. ಬರುವಾಗ ಈ ತಾಯಿಗೆ ನಮ್ಮ ಕಡೆಯ ಒಳ್ಳೆಯ ಬೆಲ್ಲ ತೆಗೆದುಕೊಂಡು ಬಾ, ನಾನು ಮಾತು ಕೊಟ್ಟಿದ್ದೇನೆ.

ಇಂತಿ,
ನಿನ್ನ ಅಮ್ಮ