ಬೆತ್ತಕ್ಕೆ ಸಲ್ಲದ ಕೃತಜ್ಞತೆ

ಮಾನ್ಯ ಸಂಪಾದಕರೇ,

ಹಳೆಯ ವಿದ್ಯಾರ್ಥಿಗಳು ತಮ್ಮ ಶಿಕ್ಷಕರನ್ನು ನೆನೆದು ಬರೆಯುವ ಪತ್ರಗಳನ್ನು ನಾನು ತಪ್ಪದೆ ಓದುತ್ತೇನೆ. ಅವುಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕಾಣಿಸುತ್ತದೆ: ‘ಅಂದು ಮೇಷ್ಟ್ರು ಹೊಡೆದದ್ದಕ್ಕೇ ಇಂದು ನಾನು ಮನುಷ್ಯನಾದೆ.’ ಪ್ರೀತಿಯಿಂದಲೇ ಹೇಳುವ ಮಾತು. ಆದರೂ ಇದನ್ನು ಒಪ್ಪಲು ನನ್ನಿಂದ ಆಗುವುದಿಲ್ಲ.

ನನಗೆ ಗಣಿತ ಕಲಿಸಿದ ಮೇಷ್ಟ್ರು ಇಡೀ ಶಾಲೆಗೆ ಕಟ್ಟುನಿಟ್ಟಿನವರು. ವರಾಂಡದ ತಿರುವಿನಲ್ಲಿ ಅವರ ತಲೆ ಕಂಡರೆ ಸಾಕು, ತರಗತಿಯ ಗದ್ದಲ ತಾನಾಗಿ ಅಡಗುತ್ತಿತ್ತು. ಅವರ ಕೈಯಲ್ಲಿ ಬೆತ್ತ ಕಂಡವರು ಮಾತ್ರ ಯಾರೂ ಇಲ್ಲ. ಲೆಕ್ಕ ತಪ್ಪಾದರೆ ಇಡೀ ಪುಟಕ್ಕೆ ಅಡ್ಡಗೆರೆ ಎಳೆದು ಎಸೆಯುತ್ತಿರಲಿಲ್ಲ. ಒಂದೊಂದೇ ಸಾಲು ನೋಡುತ್ತಾ ಬಂದು, ಎಲ್ಲಿ ಕಳೆಯುವ ಚಿಹ್ನೆ ಕೂಡುವ ಚಿಹ್ನೆಯಾಗಿದೆಯೋ ಆ ಜಾಗಕ್ಕೆ ಕೆಂಪು ಶಾಯಿಯಲ್ಲಿ ಸಣ್ಣ ಸುತ್ತು ಹಾಕಿ, ‘ಇಲ್ಲಿಯವರೆಗೆ ಸರಿ. ಇಲ್ಲಿಂದ ಮತ್ತೆ ಮಾಡು’ ಎಂದು ಅಂಚಿನಲ್ಲಿ ಬರೆಯುತ್ತಿದ್ದರು. ಮರುದಿನ ಮಾಡಿ ತರದಿದ್ದರೆ ಬಿಡುವಿನ ವೇಳೆಯಲ್ಲಿ ಪಕ್ಕದಲ್ಲೇ ಕೂರಿಸಿಕೊಂಡು ಮಾಡಿಸದೆ ಬಿಡುತ್ತಿರಲಿಲ್ಲ. ಉಳ್ಳವರ ಮಗನಿಗೂ ಅದೇ ನಿಯಮ, ನಮಗೂ ಅದೇ. ‘ಇಲ್ಲಿಯವರೆಗೆ ಸರಿ’ ಎಂಬ ಆ ಮೊದಲ ವಾಕ್ಯ ಕಂಡರೆ ಉಳಿದದ್ದನ್ನು ತಿದ್ದುವ ಧೈರ್ಯ ಬರುತ್ತಿತ್ತು. ಇಡೀ ತರಗತಿಯ ಪುಸ್ತಕಗಳನ್ನು ಹಾಗೆ ಸಾಲು ಬಿಡದೆ ತಿದ್ದಲು ಅವರು ಎಷ್ಟು ಹೊತ್ತು ನಿದ್ದೆಗೆಟ್ಟಿರಬೇಕು ಎಂಬುದು, ನಾನೇ ಶಿಕ್ಷಕಿಯಾದ ಮೇಲೆ ಅರಿವಾಯಿತು.

ಅದೇ ಶಾಲೆಯಲ್ಲಿ ಮಾತುಮಾತಿಗೂ ಕೈಯೆತ್ತುವವರೂ ಇದ್ದರು. ನನ್ನ ಹಿಂದಿನ ಬೆಂಚಿನ ಹುಡುಗ ಓದಲು ಎದ್ದು ನಿಂತರೆ ಮೊದಲ ಅಕ್ಷರವೇ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಅವನಿಗೆ ಉಗ್ಗು. ಅದಕ್ಕೂ ಅಂಗೈಗೆ ಏಟು ಬೀಳುತ್ತಿತ್ತು. ಏಟಿನ ಭಯಕ್ಕೆ ಉಗ್ಗು ಇನ್ನಷ್ಟು ಹೆಚ್ಚುತ್ತಿತ್ತು. ಭಾಷೆ ಕಲಿಸುತ್ತಿದ್ದ ಟೀಚರ್ ಒಬ್ಬರು ಮಾತ್ರ ಅವನನ್ನು ಒಂಟಿಯಾಗಿ ನಿಲ್ಲಿಸದೆ ಪದ್ಯವನ್ನು ಎಲ್ಲರ ಜೊತೆ ರಾಗವಾಗಿ ಹೇಳಿಸುತ್ತಿದ್ದರು. ದನಿಗೂಡಿಸಿ ಹಾಡುವಾಗ ಅವನ ನಾಲಿಗೆ ಎಲ್ಲೂ ತಡೆಯುತ್ತಿರಲಿಲ್ಲ. ಆದರೆ ದಿನಕ್ಕೊಂದು ಪೀರಿಯಡ್‌ನ ಆಸರೆ ಎಷ್ಟೆಂದು ಸಾಕಾದೀತು? ಏಳನೆಯ ತರಗತಿಯ ನಡುವೆಯೇ ಅವನು ಶಾಲೆ ಬಿಟ್ಟ. ನಾವು ಹಳೆಯ ವಿದ್ಯಾರ್ಥಿಗಳು ಸೇರಿದಾಗಲೆಲ್ಲ ಏಟಿನಿಂದ ಉದ್ಧಾರವಾದೆವು ಎನ್ನುವವರು ಮೈಕಿನ ಮುಂದೆ ನಿಲ್ಲುತ್ತಾರೆ. ಏಟಿಗೆ ಹೆದರಿ ಹೊರನಡೆದವರು ಅಲ್ಲಿಗೆ ಬರುವುದೇ ಇಲ್ಲ.

ಸಾಹಿತಿ ಆಲ್ಬರ್ಟ್ ಕಮೂ 1957ರಲ್ಲಿ ನೊಬೆಲ್ ಪ್ರಶಸ್ತಿ ಬಂದಾಗ, ತಾಯಿಯ ನಂತರ ನೆನಪಾದವರು ನೀವೇ ಎಂದು ತಮ್ಮ ಪ್ರಾಥಮಿಕ ಶಾಲೆಯ ಮೇಷ್ಟ್ರು ಲೂಯಿ ಜರ್ಮೇನ್ ಅವರಿಗೆ ಪತ್ರ ಬರೆದರು. ಶಾಲೆ ಮುಗಿದ ಮೇಲೆ ಪುಕ್ಕಟೆ ಪಾಠ ಹೇಳಿ, ಹುಡುಗ ದುಡಿಯಲು ಹೋಗಲಿ ಎಂದಿದ್ದ ಅಜ್ಜಿಯನ್ನು ಒಪ್ಪಿಸಿ, ವಿದ್ಯಾರ್ಥಿವೇತನದ ಪರೀಕ್ಷೆಗೆ ಕೂರಿಸಿದವರು ಅವರು. ಬಡ ಹುಡುಗನತ್ತ ಚಾಚಿದ ಪ್ರೀತಿಯ ಕೈ, ಕಲಿಸಿದ ಪಾಠ, ನಡೆದು ತೋರಿದ ರೀತಿ, ಇವಿಷ್ಟಕ್ಕೆ ಕಮೂ ಋಣ ಹೇಳಿದ್ದಾರೆ. ಶಿಕ್ಷೆಯ ಸುದ್ದಿಯೇ ಆ ಪತ್ರದಲ್ಲಿಲ್ಲ.

1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 28ನೇ ವಿಧಿಯೂ ಶಾಲೆಯ ಶಿಸ್ತು ಮಗುವಿನ ಘನತೆಗೆ ತಕ್ಕಂತಿರಬೇಕು ಎನ್ನುತ್ತದೆ. ಶಿಸ್ತು ಬೇಡವೆಂದು ಅದು ಎಲ್ಲೂ ಹೇಳಿಲ್ಲ. ನಮ್ಮ ಗಣಿತದ ಮೇಷ್ಟ್ರಿಗೆ ಅದನ್ನು ಓದುವ ಅವಕಾಶವೇ ಇರಲಿಲ್ಲ, ಅವರ ಕಾಲಕ್ಕೆ ಅದು ಬಂದೇ ಇರಲಿಲ್ಲ. ಆದರೂ ಹಾಗೆಯೇ ನಡೆದುಕೊಂಡರು.

ನೆನಪು ಬರೆಯುವ ಓದುಗರಲ್ಲಿ ನನ್ನ ವಿನಂತಿ ಇಷ್ಟೇ. ನಿಮ್ಮ ಶಿಕ್ಷಕರು ಹೊಡೆದದ್ದನ್ನು ಹೇಳಿ ನಿಲ್ಲಿಸಬೇಡಿ. ಹೇಗೆ ತಿದ್ದಿದರು, ಯಾವ ಮಾತು ಹೇಳಿದರು, ಹಿಂದುಳಿದವನನ್ನು ಹೇಗೆ ಜೊತೆಗೆ ಕರೆದೊಯ್ದರು ಎಂಬುದನ್ನು ಬಿಡಿಸಿ ಬರೆಯಿರಿ. ಈಗಷ್ಟೇ ಕೆಲಸಕ್ಕೆ ಸೇರಿದ ಶಿಕ್ಷಕರು ಅದನ್ನು ಓದುತ್ತಾರೆ. ಸಂಪಾದಕರೇ, ಭಯದಿಂದ ಶಾಲೆ ಬಿಟ್ಟವರು ಯಾರಾದರೂ ಬರೆದರೆ ಅವರ ಪತ್ರಕ್ಕೂ ದಯವಿಟ್ಟು ಇದೇ ಪುಟದಲ್ಲಿ ಜಾಗ ಕೊಡಿ.

– ನಿವೃತ್ತ ಶಿಕ್ಷಕಿ