ಮೊದಲ ವೆಬ್ ಸರ್ವರ್ ಕನ್ನಡದಲ್ಲೇ ಉತ್ತರಿಸಲಿ

ಮಾನ್ಯ ಸಂಪಾದಕರೇ,

ಪ್ರೋಗ್ರಾಮಿಂಗ್ ಕಲಿಸುವ ಕನ್ನಡ ಬರಹಗಳು ವೆಬ್ ಸರ್ವರ್ ವಿಷಯಕ್ಕೆ ಬಂದಾಗ ಸಾಮಾನ್ಯವಾಗಿ ಒಂದು ಫ್ರೇಮ್‌ವರ್ಕ್ ಇನ್‌ಸ್ಟಾಲ್ ಮಾಡಿಸಿ, ‘ಹಲೋ’ ಎಂದು ಇಂಗ್ಲಿಷಿನಲ್ಲಿ ತೋರಿಸಿ ಮುಗಿಸಿಬಿಡುತ್ತವೆ. ಈ ಪಾಠವನ್ನು ಹ್ಯಾಸ್ಕೆಲ್‌ನಂಥ ಫಂಕ್ಷನಲ್ ಭಾಷೆಯಲ್ಲಿ (ಅಂದರೆ ಪ್ರೋಗ್ರಾಮನ್ನು ಫಂಕ್ಷನ್‌ಗಳ ಜೋಡಣೆಯಾಗಿ ಬರೆಯುವ ಭಾಷೆಯಲ್ಲಿ), ಅದೂ ಕನ್ನಡದಲ್ಲಿ ಉತ್ತರ ಕಳಿಸುವ ಸರ್ವರ್‌ನಿಂದಲೇ ಆರಂಭಿಸಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ.

ಸರ್ವರ್ ಮೂಲತಃ ಒಂದು ಫಂಕ್ಷನ್: ಕೋರಿಕೆ ಒಳಗೆ ಹೋಗುತ್ತದೆ, ಉತ್ತರ ಹೊರಗೆ ಬರುತ್ತದೆ. ಕ್ಲೋಜರ್ ಎಂಬ ಇನ್ನೊಂದು ಫಂಕ್ಷನಲ್ ಭಾಷೆಯ ರಿಂಗ್ ಲೈಬ್ರರಿಯಲ್ಲಿ ಉತ್ತರವೆಂದರೆ ಸ್ಟೇಟಸ್ (ಫಲಿತಾಂಶದ ಸಂಖ್ಯೆ), ಹೆಡರ್ (ಉತ್ತರದ ಬಗೆಗಿನ ವಿವರ), ಬಾಡಿ (ಉತ್ತರದ ವಿಷಯ) ಎಂಬ ಮೂರು ಅಂಶಗಳ ಒಂದು ಮ್ಯಾಪ್ (ಹೆಸರು-ಮೌಲ್ಯಗಳ ಜೋಡಿಪಟ್ಟಿ), ಅಷ್ಟೇ. ಪೋರ್ಟ್ (ಸರ್ವರ್ ಕೋರಿಕೆಗಳಿಗಾಗಿ ಕಾಯುವ, ಸಂಖ್ಯೆಯಿಂದ ಗುರುತಿಸುವ ದ್ವಾರ) ತೆರೆಯದೆ, ಬ್ರೌಸರ್ ಮುಟ್ಟದೆ, ಆ ಫಂಕ್ಷನ್ನಿಗೆ ಒಂದು ಕೋರಿಕೆಯನ್ನು ಕೊಟ್ಟು ಉತ್ತರ ಸರಿಯಿದೆಯೇ ಎಂದು ಪರೀಕ್ಷಿಸಬಹುದು. ಹ್ಯಾಸ್ಕೆಲ್‌ನ ವಾರ್ಪ್ ಎಂಬ ಸರ್ವರ್ ಲೈಬ್ರರಿಯಲ್ಲಿಯೂ ಇಂಥದೇ ಫಂಕ್ಷನ್ ಬರೆದು ‘ರನ್ 3000’ ಎಂಬುದರ ನಂತರ ಅದರ ಹೆಸರನ್ನಿಟ್ಟರೆ 3000ನೇ ಪೋರ್ಟಿನಲ್ಲಿ ಸರ್ವರ್ ಎದ್ದು ನಿಲ್ಲುತ್ತದೆ.

ಕನ್ನಡವೇ ಏಕೆ ಎಂಬುದನ್ನು ನನ್ನದೇ ಒಂದು ತಪ್ಪಿನಿಂದ ವಿವರಿಸಬಲ್ಲೆ. ಕಲಿಕೆಯ ದಿನಗಳಲ್ಲಿ ಯಾವ ಲೈಬ್ರರಿಯೂ ಇಲ್ಲದೆ ನೇರವಾಗಿ ಸಾಕೆಟ್ (ನೆಟ್‌ವರ್ಕ್ ಮೂಲಕ ಬೈಟ್ ಕಳಿಸಿ ಪಡೆಯುವ ಮೂಲ ಸೌಲಭ್ಯ) ಮೇಲೆ ಒಂದು ಪುಟ್ಟ ಸರ್ವರ್ ಬರೆದು, ‘ಕನ್ನಡ’ ಎಂಬ ಒಂದೇ ಪದವನ್ನು ಕಳಿಸಿದೆ. ಬ್ರೌಸರ್‌ನಲ್ಲಿ ಕಂಡದ್ದು ‘ಕ’, ಅದರ ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆಯಿದ್ದ ಕಪ್ಪು ಗುರುತು. ಬಾಡಿಯಲ್ಲಿ ಎಷ್ಟು ಬೈಟ್‌ಗಳಿವೆ ಎಂದು ಬ್ರೌಸರ್‌ಗೆ ತಿಳಿಸುವ ಕಂಟೆಂಟ್-ಲೆಂತ್ ಹೆಡರ್‌ಗೆ ನಾನು ಪದದ ಉದ್ದವೆಂದು 5 ಕೊಟ್ಟಿದ್ದೆ. ಕಣ್ಣಿಗೆ ಮೂರೇ ಅಕ್ಷರ ಕಾಣುವ ಈ ಪದ, ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕ, ನ, ಹಲಂತ, ನ, ಡ ಎಂಬ 5 ಸಂಕೇತಗಳಾಗುತ್ತದೆ. ಆ ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೂ 3 ಬೈಟ್‌ಗಳಂತೆ ಒಟ್ಟು 15 ಬೈಟ್‌ಗಳು ಬೇಕು. ಬ್ರೌಸರ್ ನಾನು ಹೇಳಿದಂತೆಯೇ 5 ಬೈಟ್ ಓದಿಕೊಂಡಿತು: ‘ಕ’ ಪೂರ್ತಿ ಬಂತು, ‘ನ’ ನಡುವೆಯೇ ತುಂಡಾಯಿತು. ಇಂಗ್ಲಿಷಿನ ‘ಹಲೋ’ ಕಳಿಸಿದ್ದರೆ 5 ಅಕ್ಷರಕ್ಕೆ 5 ಬೈಟ್ ಸರಿಹೋಗಿ, ಈ ತಪ್ಪು ನನ್ನ ಗಮನಕ್ಕೇ ಬರುತ್ತಿರಲಿಲ್ಲ.

ಹ್ಯಾಸ್ಕೆಲ್‌ನಲ್ಲಿ ಪಠ್ಯಕ್ಕೆ ‘ಟೆಕ್ಸ್ಟ್’, ಬೈಟ್‌ಗಳಿಗೆ ‘ಬೈಟ್‌ಸ್ಟ್ರಿಂಗ್’ ಎಂಬ ಬೇರೆ ಬೇರೆ ಟೈಪ್‌ಗಳಿವೆ. ಬೈಟ್‌ಸ್ಟ್ರಿಂಗ್ ಬೇಕಾದ ಕಡೆ ಟೆಕ್ಸ್ಟ್ ಕೊಟ್ಟರೆ ಕಂಪೈಲರ್ (ಕೋಡನ್ನು ಓಡಿಸುವ ಮೊದಲು ಪರಿಶೀಲಿಸಿ ಅನುವಾದಿಸುವ ಪ್ರೋಗ್ರಾಂ) ಅಲ್ಲಿಯೇ ತಡೆಯುತ್ತದೆ, ಮತ್ತು ಯುಟಿಎಫ್-8ಕ್ಕೆ ಪರಿವರ್ತಿಸುವ ಹೆಜ್ಜೆಯನ್ನು ಕಲಿಯುವವರು ತಾವೇ ಬರೆಯಬೇಕಾಗುತ್ತದೆ. ಆದರೆ ಇಲ್ಲೊಂದು ಅಪಾಯವಿದೆ. ಅನೇಕ ಪಾಠಗಳಲ್ಲಿ ಬಳಸುವ ‘ಓವರ್‌ಲೋಡೆಡ್ ಸ್ಟ್ರಿಂಗ್ಸ್’ (ಉದ್ಧರಣ ಚಿಹ್ನೆಯೊಳಗಿನ ಪದವನ್ನು ಬೇಕಾದ ಟೈಪ್ ಆಗಿ ತಾನೇ ಪರಿಗಣಿಸುವ) ಸೌಲಭ್ಯದೊಂದಿಗೆ ಕನ್ನಡ ಪದವನ್ನು ನೇರವಾಗಿ ಬೈಟ್‌ಸ್ಟ್ರಿಂಗ್ ಆಗಿ ಬರೆದರೆ, ಪ್ರತಿ ಸಂಕೇತದ ಕೊನೆಯ 8 ಬಿಟ್‌ಗಳು ಮಾತ್ರ ಉಳಿದು, ಯಾವ ದೋಷಸೂಚನೆಯೂ ಇಲ್ಲದೆ ಪದ ಕೆಡುತ್ತದೆ. ಇಂಗ್ಲಿಷ್ ಉದಾಹರಣೆಗಳಲ್ಲಿ ಇದೂ ಮರೆಯಾಗಿಯೇ ಉಳಿಯುತ್ತದೆ.

ಆದ್ದರಿಂದ ತಮ್ಮ ಪತ್ರಿಕೆಯಲ್ಲಿ ಇಂಥ ಪಾಠ ಪ್ರಕಟವಾಗುವುದಾದರೆ, ಉತ್ತರವನ್ನು ಮೊದಲು ಟೆಕ್ಸ್ಟ್ ಆಗಿ ಬರೆದು ನಂತರ ಪರಿವರ್ತಿಸುವುದನ್ನೂ, ಕಂಟೆಂಟ್-ಟೈಪ್ ಹೆಡರ್‌ನಲ್ಲಿ ಚಾರ್‌ಸೆಟ್ (ಬೈಟ್‌ಗಳನ್ನು ಯಾವ ಪದ್ಧತಿಯಲ್ಲಿ ಓದಬೇಕೆಂಬ ಸೂಚನೆ) ಯುಟಿಎಫ್-8 ಎಂದು ನಮೂದಿಸುವುದನ್ನೂ ಮೊದಲ ಕಂತಿನಲ್ಲೇ ಸೇರಿಸುವಂತೆ ಲೇಖಕರಿಗೆ ತಿಳಿಸಬೇಕಾಗಿ ವಿನಂತಿಸುತ್ತೇನೆ.

ಇಂತಿ,
ಒಬ್ಬ ಓದುಗ